ಗಾಳಿ ಪೂರ್ವ

ಬಂಟ್ವಾಳ
೨೩-೩-೨೦೨೫, ಆದಿತ್ಯವಾರ

ಪ್ರೀತಿಯ ತರುಣ್,

ಇಲ್ಲಿ ಅತ್ತೆ, ನಾನು, ನಿಮ್ಮ ಮೂರು ಬೆಕ್ಕುಗಳು ಎಲ್ಲರೂ ಸೌಖ್ಯ. ನಿಮ್ಮ ಬೆನ್ನು ಹೇಗಿದೆ ಎಂದು ಕೇಳುವುದಿಲ್ಲ. ಬುಧವಾರ ನಾನೇ ನೋಡಿ ಬಂದಿದ್ದೇನಲ್ಲ, ಕೋಲು ಹಿಡಿದು ಕಿಟಕಿಯವರೆಗೆ ನಡೆದಿರಿ. ಪತ್ರ ಬರೆಯುತ್ತೇನೆ ಎಂದು ಹೇಳಿ ಮೂರು ವಾರ ದಾಟಿತು, ಕ್ಷಮಿಸಿ. "ವಾರ ವಾರ ಮಂಗಳೂರಿಗೆ ಹೋಗಿ ಮುಖ ನೋಡಿ ಬರ್ತಿ, ಮತ್ತೆ ಕಾಗದ ಎಂಥಕ್ಕೆ?" ಎಂದು ಅತ್ತೆ ಕೇಳಿದರು. ಮುಖ ನೋಡಿದರೆ ಹೇಳಬೇಕಾದದ್ದು ಬಿಟ್ಟು ಬೇರೆಲ್ಲ ಹೇಳಿ ಬರುತ್ತೇನೆ, ಅದಕ್ಕೆ. ತಲೆಗೆ ಪೆಟ್ಟಾದವರಿಗೆ ಮೊಬೈಲಿನ ಬೆಳಕು ಆಗದು, ಕಾಗದವಾದರೆ ದಿನಕ್ಕೆ ಹತ್ತು ನಿಮಿಷ ಓದಬಹುದು ಎಂದು ಡಾಕ್ಟರು ಹೇಳಿದ್ದಾರೆ. ಇದು ಹತ್ತು ನಿಮಿಷದಲ್ಲಿ ಮುಗಿಯುವಂಥದ್ದಲ್ಲ. ಇವತ್ತೇ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ, ಇವತ್ತು ಅರ್ಧ, ನಾಳೆ ಅರ್ಧ ಓದಿ. ಸಿಸ್ಟರ್ ಹತ್ತಿರ ಕೊಟ್ಟು ಓದಿಸಿಕೊಳ್ಳಬೇಡಿ.

ಮಂಗಳವಾರ ಬೆಳಿಗ್ಗೆ ತನಿಖೆಯ ಅಧಿಕಾರಿಗಳು ಮತ್ತೆ ಬರುತ್ತಾರೆ. ಈ ಸಲ ನನ್ನ ಹೇಳಿಕೆ ಬರೆದುಕೊಳ್ಳುವುದು. ನಾನು ಹೇಳುವುದರ ಮೇಲೆ ಒಬ್ಬಳ ಬದುಕು ನಿಂತಿದೆ. ಅವರಿಗೆ ಹೇಳುವ ಮೊದಲು ನಿಮಗೆ ಹೇಳಬೇಕು.

ಮೊದಲು ಊರಿನ ಸುದ್ದಿ. ಕುಂಟಾಲಪದವಿನಲ್ಲಿ ನಮ್ಮ ಫ್ಲೈಯಿಂಗ್ ಕ್ಲಬ್ಬಿನ ಗೇಟಿಗೆ ಇನ್ನೂ ಬೀಗ. ರನ್‌ವೇಯ ಮೇಲೆ ಬೆಳ್ತಂಗಡಿಯ ಹುಡುಗರು ಕ್ರಿಕೆಟ್ ಆಡುತ್ತಾರೆ. ಮೂಡು ತುದಿಯ ಆಚೆ ಏರುವ ಗುಡ್ಡದಲ್ಲಿ ವಿಮಾನ ಬಿದ್ದ ರಬ್ಬರ್ ತೋಟ ಇದೆಯಲ್ಲ, ಅದರ ಯಜಮಾನರು ಅಬ್ದುಲ್ ರಹಿಮಾನ್ ಮೊನ್ನೆ ದಾರಿಯಲ್ಲಿ ಸಿಕ್ಕಿದರು. ನಿಮ್ಮನ್ನು ಹೊರಗೆ ಎಳೆದು ಹಾಕಿದವರು ಅವರೇ. ಮುರಿದ ಮರಗಳ ಮಾತು ತೆಗೆದರೆ "ಮರ ಹೋದ್ರೆ ಹೋಯ್ತು ಮಾರಾಯ್ತಿ, ಮೂರು ಜೀವ ಸಿಕ್ಕಿತಲ್ಲ" ಎಂದರು. ಮತ್ತೆ ಒಂದು ಮಾತು ಹೇಳಿದರು. "ಬೆಳಿಗ್ಗೆ ನಿಮ್ಮ ವಿಮಾನ ಈ ಕಡೆ ಬಂದ್ರೆ ನನ್ನ ಮರದ ಮೇಲೆ ಇನ್ನೂ ಎರಡು ತೆಂಗಿನಮರದಷ್ಟು ಜಾಗ ಇರ್ತಿತ್ತು. ಅವತ್ತು ಎಲೆ ಮುಟ್ಟಿಕೊಂಡೇ ಬಂತು." ನಾನು ತಲೆ ತಗ್ಗಿಸಿ ಸ್ಕೂಟರ್ ಸ್ಟಾರ್ಟ್ ಮಾಡಿದೆ.

ಗುರುವಾರ ನಿಮ್ಮ ಶಿಷ್ಯೆ ಚೈತನ್ಯಾ ಮನೆಗೆ ಬಂದಿದ್ದಳು. ಈ ಹೆಸರು ಬರೆಯುವಾಗ ನನ್ನ ಪೆನ್ನು ಸ್ವಲ್ಪ ಜೋರಾಗಿ ಒತ್ತುತ್ತದೆ, ಕಾಗದ ತಿರುಗಿಸಿ ಮುಟ್ಟಿ ನೋಡಿ. ಅವಳ ಅಪ್ಪ ಕೇಶವಪ್ರಸಾದ ಮಾಸ್ಟ್ರು ಕಾರಿನಲ್ಲಿ ಕರೆದುಕೊಂಡು ಬಂದರು. ಮಾಸ್ಟ್ರ ಹೆಗಲಿನ ಎಲುಬು ಕೂಡಿದೆ. ಮಿಜಾರಿನ ತಮ್ಮ ಮನೆಯನ್ನು ಮೇಲಿನಿಂದ ನೋಡಬೇಕೆಂದು ಆ ದಿನ ಹಿಂದಿನ ಸೀಟಿನಲ್ಲಿ ಕೂತವರು, ಈಗ "ಕೆಳಗಿಂದ ಕಾಣುವುದೇ ಚಂದ" ಎಂದು ನಗುತ್ತಾರೆ. ಮಗಳ ಬಲ ಮಣಿಕಟ್ಟಿಗೆ ಪ್ಲೇಟು ಹಾಕಿದ್ದಾರೆ. ಲೋಟವನ್ನು ಎಡಗೈಯಲ್ಲಿ ಹಿಡಿದಳು. ಅತ್ತೆ ಅವಳ ಎದುರು ಗೋಳಿಬಜೆಯ ತಟ್ಟೆ ಇಟ್ಟು, ಚಟ್ನಿಯನ್ನು ತಾವೇ ಬಡಿಸಿದರು. ನನಗೆ ಜ್ವರ ಬಂದಾಗ ಹಾಗೆ ಬಡಿಸಿದ್ದು ನೆನಪಿಲ್ಲ.

ಮಾಸ್ಟ್ರು ಅತ್ತೆಯ ಜೊತೆ ಹಿತ್ತಲಿಗೆ ಹೋದಾಗ ಅವಳು ನನಗೆ ಹೇಳಿದಳು: "ಅಕ್ಕ, ನಾನು ಬರೆದುಕೊಟ್ಟಾಯ್ತು. ನೀವು ಗಾಳಿ ಸರಿಯಾಗಿಯೇ ಹೇಳಿದ್ದು, ನಾನು ತಪ್ಪು ಕೇಳಿಸಿಕೊಂಡದ್ದು. ದಿಕ್ಕು ಆರಿಸಿದ್ದೂ ನಾನೇ, ಸರ್ ಅಲ್ಲ ಅಂತ."

"ಹಾಗಲ್ಲವಲ್ಲ ಚೈತನ್ಯಾ" ಎಂದೆ.

"ಹಾಗಲ್ಲ ಅಂತ ನಿಮಗೂ ಗೊತ್ತುಂಟು, ನನಗೂ ಗೊತ್ತುಂಟು. ಸರ್‌ಗೆ ಏನೂ ನೆನಪಿಲ್ಲ. ಅವರ ಲೈಸೆನ್ಸ್ ಉಳಿದ್ರೆ ಕ್ಲಬ್ ಉಳಿತದೆ. ನಾನು ಇನ್ನೂ ಕಲಿಯುವವಳು, ತಪ್ಪು ಮಾಡಿದೆ ಅಂದ್ರೆ ಜನ ನಂಬ್ತಾರೆ."

ಅವಳು ಬರೆದುಕೊಟ್ಟದ್ದೇ ನಿಂತರೆ ಅವಳಿಗೆ ಮತ್ತೆ ಯಾವ ಕ್ಲಬ್ಬಿನವರೂ ವಿಮಾನ ಕೊಡುವುದಿಲ್ಲ. ಕೈ ಆರು ತಿಂಗಳಲ್ಲಿ ಸರಿಯಾಗುತ್ತದಂತೆ, ಆದರೆ ಆ ಕಾಗದ ಎಂದೂ ಸರಿಯಾಗದು. ನಾನು ಮಂಗಳವಾರ ಸುಮ್ಮನೆ ಹೂಂಗುಟ್ಟಿದರೆ ಸಾಕು, ಎಲ್ಲ ಅವಳ ತಲೆಗೆ ಹೋಗುತ್ತದೆ. ನೀವು ಉಳಿಯುತ್ತೀರಿ, ನಾನೂ ಉಳಿಯುತ್ತೇನೆ.

ನಿಜ ಹೇಳುತ್ತೇನೆ ತರುಣ್, ಅವಳು ಹಾಗೆ ಹೇಳಿದಾಗ ನನಗೆ ಮೊದಲು ಆದದ್ದು ನಾಚಿಕೆಯಲ್ಲ, ಖುಷಿ. ಇನ್ನು ಇವಳು ಆ ಸೀಟಿನಲ್ಲಿ ಕೂರುವುದಿಲ್ಲ ಎಂಬ ಖುಷಿ. ಅದರ ಹಿಂದೆಯೇ ಸಿಟ್ಟು ಬಂತು. ಹಾರುವುದರಲ್ಲಿ ನನ್ನನ್ನು ಸೋಲಿಸಿದ್ದು ಸಾಲದೆ ಒಳ್ಳೆಯತನದಲ್ಲಿಯೂ ಸೋಲಿಸಲು ಬಂದಳಲ್ಲ, ಇಪ್ಪತ್ತಮೂರು ವರ್ಷದ ಹುಡುಗಿ, ನನ್ನದೇ ಚಾವಡಿಯಲ್ಲಿ ಕೂತು, ನನ್ನದೇ ಗೋಳಿಬಜೆ ತಿಂದು!

ನಿಮಗೆ ನನ್ನ ಹೊಟ್ಟೆಕಿಚ್ಚು ಗೊತ್ತಿತ್ತು, ಆದರೆ ಯಾತರದ್ದು ಎಂದು ಗೊತ್ತಿರಲಿಲ್ಲ. ಗಂಡನ ಪಕ್ಕದಲ್ಲಿ ಚಂದದ ಹುಡುಗಿ ಕೂತರೆ ಹೆಂಡತಿಗೆ ಆಗುವಂಥದ್ದು ಎಂದುಕೊಂಡು ಮೀಸೆಯಡಿಯಲ್ಲಿ ನಗುತ್ತಿದ್ದಿರಿ. ಅದು ಸ್ವಲ್ಪ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ನನ್ನ ಕಣ್ಣು ಇದ್ದದ್ದು ಅವಳ ಮೇಲಲ್ಲ, ಆ ಸೀಟಿನ ಮೇಲೆ. ಮದುವೆಗೆ ಮೊದಲು ಮೂಡಬಿದ್ರೆಯ ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನಹಾಲು ಕುಡಿಯುತ್ತ ನೀವು ಹೇಳಿದ್ದಿರಿ, "ಒಂದು ವರ್ಷದಲ್ಲಿ ನಿನಗೆ ಹಾರಲು ಕಲಿಸ್ತೇನೆ. ಸುಮ್ಮನೆ ಕೂರಿಸಿಕೊಂಡು ಹೋಗುವುದಲ್ಲ, ನಿನ್ನ ಕೈಗೇ ಕೊಡ್ತೇನೆ" ಎಂದು. ಆ ಮಾತಿಗೆ ನಾನು ಒಪ್ಪಿದ್ದು, ನಿಮ್ಮ ಮೀಸೆಗಲ್ಲ. ಆಮೇಲೆ ಮಳೆಗಾಲ ಕಳೆಯಲಿ ಎಂದಿರಿ. ಎಂಜಿನ್ ರಿಪೇರಿ ಆಗಲಿ, ಅತ್ತೆಯ ಆಪರೇಶನ್ ಆಗಲಿ, ಈ ಬ್ಯಾಚು ಮುಗಿಯಲಿ ಎಂದಿರಿ. ನನ್ನ ಕೈಗೆ ಕೊಟ್ಟದ್ದು ವಾಕಿಟಾಕಿ. ಹನ್ನೊಂದು ವರ್ಷ ರೇಡಿಯೋ ಕೋಣೆಯಲ್ಲಿ ಕೂತು, ಪಕ್ಕದ ಕೋಣೆಯಲ್ಲಿ ನೀವು ಬೇರೆಯವರ ಮಕ್ಕಳಿಗೆ ಮಾಡುವ ಪಾಠವನ್ನು ಗೋಡೆಯ ಈಚೆಯಿಂದ ಕೇಳಿ ಕಲಿತೆ. "ಮುಂದೆ ಏರುವ ನೆಲ ಇದ್ದರೆ ಕಣ್ಣನ್ನು ನಂಬಬೇಡಿ. ಗುಡ್ಡ ಏರಿದ ಹಾಗೆ ವಿಮಾನದ ಮೂಗು ತಗ್ಗಿದೆ ಎಂದು ಅನಿಸ್ತದೆ. ಹೆದರಿ ಮೂಗೆತ್ತಿದಿರೋ, ವೇಗ ಸಾಯ್ತದೆ, ರೆಕ್ಕೆ ಕೈಬಿಡ್ತದೆ." ಈ ಪಾಠ ನನಗೆ ಬಾಯಿಪಾಠ. ಪರೀಕ್ಷೆ ಇಟ್ಟಿದ್ದರೆ ನಿಮ್ಮ ಬ್ಯಾಚಿನ ಯಾರಿಗಿಂತಲೂ ಹೆಚ್ಚು ಅಂಕ ತೆಗೆಯುತ್ತಿದ್ದೆ.

ಈಗ ಆ ಶನಿವಾರ ಮತ್ತು ಆದಿತ್ಯವಾರದ್ದು. ನಿಮಗೆ ಏನೂ ನೆನಪಿಲ್ಲದ್ದರಿಂದ ಗೊತ್ತಿರುವುದನ್ನೂ ಸೇರಿಸಿ ಹೇಳುತ್ತೇನೆ. ಅಧಿಕಾರಿಗಳಿಗೆ ಹೇಳುವುದಕ್ಕೂ ಅಭ್ಯಾಸವಾದಂತೆ ಆಗುತ್ತದೆ.

ಶನಿವಾರ ಮಧ್ಯಾಹ್ನದ ಊಟಕ್ಕೆ ಬಂಗುಡೆ ಗಸಿ. ಅನ್ನ ಕಲಸುತ್ತ ನೀವು ಹೇಳಿದಿರಿ, "ಚೈತನ್ಯಾಳ ಕೈ ಭಾರೀ ಮೆದು. ಇಷ್ಟು ವರ್ಷದಲ್ಲಿ ಅಂಥ ಕೈ ನೋಡಲಿಲ್ಲ." ನಾನು ಅನ್ನದ ಕೈ ಹಾಗೆಯೇ ನಿಲ್ಲಿಸಿದೆ. ಅತ್ತೆ "ಎಂಥ, ಮುಳ್ಳು ಸಿಕ್ಕಿತಾ?" ಎಂದು ಕೇಳಿದರು. ವಿಮಾನ ನಡೆಸುವವರು ಹದವಾಗಿ ಹಿಡಿಯುವುದಕ್ಕೆ ಮೆದು ಕೈ ಎನ್ನುತ್ತಾರೆ ಎಂದು ನೀವು ವಿವರಿಸಿದಿರಿ. ಅದು ನನಗೆ ಗೊತ್ತಿಲ್ಲವೇ? ಗೊತ್ತಿದ್ದದ್ದಕ್ಕೇ ಉರಿದದ್ದು. ಬೇರೆ ಅರ್ಥದಲ್ಲಿ ಹೇಳಿದ್ದರೆ ನಾಲ್ಕು ಮಾತು ಬೈದು ಮುಗಿಸುತ್ತಿದ್ದೆ. ನನ್ನ ಕೈ ಮೆದುವೋ ಒರಟೋ ಎಂದು ತಿಳಿಯಲು ನೀವು ಒಂದು ದಿನವೂ ನನ್ನ ಕೈಗೆ ಕೊಟ್ಟು ನೋಡಲಿಲ್ಲ. ಅದರ ಮೇಲೆ ಆದಿತ್ಯವಾರ ನನ್ನನ್ನು ಕರೆದುಕೊಂಡು ಹೋಗುವ ಮಾತಿತ್ತು. ಬಟ್ಟಲು ತೊಳೆಯುವಾಗ ಹೇಳಿದಿರಿ, "ನಾಳೆ ಚೈತನ್ಯಾ, ಅವಳಪ್ಪ ಬರ್ತಾರೆ. ನಿನ್ನದು ಇನ್ನೊಮ್ಮೆ ನೋಡುವ."

ಆಗಿನಿಂದ ನಾನು ಕನ್ನಡ ಮಾತಾಡಲು ಸುರು ಮಾಡಿದೆ.

ಇದನ್ನು ಮಂಗಳವಾರ ಅಧಿಕಾರಿಗಳಿಗೆ ಹೇಗೆ ತಿಳಿಸಬೇಕೋ ನನಗೆ ಗೊತ್ತಾಗುವುದಿಲ್ಲ. ಅವರು ದೂರದ ಊರಿನವರು. ನಮ್ಮಲ್ಲಿ ಕನ್ನಡವೆಂದರೆ ಶಾಲೆಯದ್ದು, ಬ್ಯಾಂಕಿನದ್ದು, ಇಂಥ ಕಾಗದ ಬರೆಯುವುದಕ್ಕೆ ಇರುವುದು. ನಾವಿಬ್ಬರು ನಕ್ಕದ್ದು, ಜಗಳವಾಡಿದ್ದು, ರಾಜಿಯಾದದ್ದು ಎಲ್ಲ ತುಳುವಿನಲ್ಲಿ. ಸಿಟ್ಟು ನೆತ್ತಿಗೇರಿದರೆ ಬೇರೆ ಹೆಂಗಸರು ಪಾತ್ರೆ ಕುಕ್ಕುತ್ತಾರೆ, ನಾನು ಪುಸ್ತಕದ ಕನ್ನಡ ತೆಗೆಯುತ್ತೇನೆ. "ಸ್ನಾನಕ್ಕೆ ನೀರು ಕಾದಿದೆ. ತಾವು ಹೋಗಬಹುದು." ಅತ್ತೆ ಆ ಸಂಜೆ "ಇವಳದ್ದು ಸುರುವಾಯ್ತು, ವಾರ್ತೆ ಓದುವವಳ ಹಾಗೆ" ಎಂದು ತಲೆ ಚಚ್ಚಿಕೊಂಡರು. ಆದಿತ್ಯವಾರ ಬೆಳಿಗ್ಗೆ ಕುಂಟಾಲಪದವಿಗೆ ಹೋಗುವ ದಾರಿಯುದ್ದಕ್ಕೂ ನಾನು ತುಳುವಿನಲ್ಲಿ ಒಂದು ಶಬ್ದ ಆಡಲಿಲ್ಲ. ನೀವು ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತ ಬಂದಿರಿ.

ಜನವರಿಯಲ್ಲಿ ಬೆಳಿಗ್ಗೆ ಘಟ್ಟದ ಕಡೆಯಿಂದ ಮೂಡುಗಾಳಿ. ಹನ್ನೊಂದು ಗಂಟೆಯ ಆಚೀಚೆಗೆ ಅದು ನಿಂತು ಕಡಲಗಾಳಿ ಏಳುತ್ತದೆ. ಮೂಡುಗಾಳಿ ಇದ್ದರೆ ನೀವು ಗಾಳಿಗೆ ಎದುರಾಗಿ ಮೂಡಕ್ಕೆ ಏಳುತ್ತೀರಿ, ಗುಡ್ಡ ಬರುವುದರೊಳಗೆ ವಿಮಾನ ಸಾಕಷ್ಟು ಮೇಲೆ ಹೋಗುತ್ತದೆ. ಕಡಲಗಾಳಿ ಎದ್ದರೆ ಪಡುವಣಕ್ಕೇ ಏಳಬೇಕು, ಆ ಕಡೆ ನೆಲ ಇಳಿಯುತ್ತ ಹೋಗುತ್ತದೆ. ಕಡಲಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಗುಡ್ಡದ ಕಡೆ ಏಳುವುದು ಹುಚ್ಚು. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಇರುವುದು ಶೆಡ್ಡಿನ ಹಿಂದೆ, ರನ್‌ವೇಯಿಂದ ಕಾಣುವುದಿಲ್ಲ, ನನ್ನ ಕಿಟಕಿಗೆ ಮಾತ್ರ ಕಾಣುತ್ತದೆ. ಕಂಬ ಬದಲಿಸುವ, ಬದಲಿಸುವ ಎಂದು ಹೇಳುತ್ತಲೇ ವರ್ಷಗಳು ಹೋದವು.

ಗಾಳಿಯನ್ನು ಇಂಗ್ಲಿಷಿನಲ್ಲಿ ಡಿಗ್ರಿ ಹೇಳಿ ತಿಳಿಸಬೇಕು ಎಂಬುದು ನಿಯಮ. ನಮ್ಮದು ಬೇರೆಯೇ ಇತ್ತು. ನೀವು "ಬೀಲ ಓಡೆ?" ಎಂದು ಕೇಳುವಿರಿ. ಗಾಳಿಚೀಲದ ಬಾಲ ಯಾವ ಕಡೆಗಿದೆ ಎಂದು. ನಾನು "ಬೀಲ ಮೂಡಾಯಿ" ಎಂದರೆ ಬಾಲ ಮೂಡಕ್ಕೆ, ಅಂದರೆ ಗಾಳಿ ಕಡಲಿನಿಂದ. ನೀವು ಪಡುವಣಕ್ಕೆ ಏಳುವಿರಿ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಲಿಲ್ಲ.

ಆ ದಿನ ಹನ್ನೊಂದಕ್ಕೆ ಐದು ನಿಮಿಷ. ಕಡಲಗಾಳಿ ಎದ್ದಾಗಿತ್ತು, ಚೀಲದ ಬಾಲ ಮೂಡಕ್ಕೆ ನೆಟ್ಟಗೆ ನಿಂತಿತ್ತು. ನೀವು ಗಾಳಿ ಕೇಳಿದಿರಿ. ನನಗೆ ತುಳು ಬೇಡವಾಗಿತ್ತಲ್ಲ, ಗಂಟಲು ಸರಿಮಾಡಿಕೊಂಡು ಹೇಳಿದೆ, "ಗಾಳಿ ಪೂರ್ವ. ಹೊರಡಬಹುದು." ನನ್ನ ತಲೆಯಲ್ಲಿ ಇದ್ದದ್ದು ನಮ್ಮ ಬಾಲದ ಲೆಕ್ಕವೇ. ಬಾಯಿಗೆ ಬಂದದ್ದು ಪುಸ್ತಕದ ಶಬ್ದ. ಪುಸ್ತಕದಲ್ಲಿ ಗಾಳಿ ಪೂರ್ವ ಎಂದರೆ ಪೂರ್ವದಿಂದ ಬೀಸುವ ಗಾಳಿ, ತೀರಾ ಉಲ್ಟಾ. ಒಳಗೆ ನೀವು ಏನು ಹೇಳಿದಿರಿ ಎಂದು ಚೈತನ್ಯಾ ಗುರುವಾರ ಹೇಳಿದಳು: "ಇವತ್ತು ಅಕ್ಷಿತಾ ಕನ್ನಡದಲ್ಲಿ ಉಂಟು. ಹಾಗಾದ್ರೆ ಮನೆಯ ಲೆಕ್ಕ ಅಲ್ಲ, ಪುಸ್ತಕದ ಲೆಕ್ಕ. ಮೂಡುಗಾಳಿ ಇನ್ನೂ ನಿಲ್ಲಲಿಲ್ಲ, ಮೂಡಕ್ಕೇ ಹೋಗುವ."

ನನ್ನ ಸಿಟ್ಟನ್ನು ನೀವು ಅಷ್ಟು ಸರಿಯಾಗಿ ಅರ್ಥ ಮಾಡಿಕೊಂಡಿರಿ. ಸರಿಯಾಗಿ ಅರ್ಥ ಮಾಡಿಕೊಂಡದ್ದಕ್ಕೇ ಬಿದ್ದಿರಿ.

ನೀವು ಯಾವ ತುದಿಗೆ ಹೋದಿರಿ ಎಂದು ನಾನು ನೋಡಲಿಲ್ಲ. ರಿಜಿಸ್ಟರಿನಲ್ಲಿ ನಿಮ್ಮ ಮೂವರ ಹೆಸರು ಬರೆಯುತ್ತಿದ್ದೆ. ಎಂಜಿನ್ನಿನ ಸದ್ದು ಮೂಡಕ್ಕೆ ಹೋದಾಗ ತಲೆಯೆತ್ತಿದೆ. ವಿಮಾನ ಎಷ್ಟು ದೂರ ಓಡಿದರೂ ಏಳಲಿಲ್ಲ, ಕೊನೆಗೆ ತುದಿಯಲ್ಲಿ ಎದ್ದಿತು. ಬೆನ್ನಿನ ಗಾಳಿಗೆ ನೆಲ ಬೇಗ ಬೇಗ ಹಿಂದೆ ಸರಿಯುತ್ತದೆ, ಒಳ್ಳೆಯ ವೇಗ ಉಂಟು ಎಂದು ಅನಿಸುತ್ತದೆ, ಇದೂ ನಿಮ್ಮದೇ ಪಾಠ. ಗುಡ್ಡ ಏರಿತು, ವಿಮಾನ ಅದರಷ್ಟು ಏರಲಿಲ್ಲ. ಮೂಗು ಮೇಲೆ ಹೋಯಿತು, ಎಡ ರೆಕ್ಕೆ ವಾಲಿತು. ಆಮೇಲೆ ಮರ ಮುರಿಯುವ ಸದ್ದು. ಕೊನೇ ಗಳಿಗೆಯಲ್ಲಿ ಅವಳ ಕೈಯಿಂದ ನೀವು ತೆಗೆದುಕೊಂಡು ಮೂಗು ತಗ್ಗಿಸಿದ್ದರಿಂದ ಮರಗಳ ಮೇಲೆ ಚಪ್ಪಟೆಯಾಗಿ ಕೂತಿತಂತೆ, ಇಲ್ಲದಿದ್ದರೆ ಮೂರು ಹೆಣ ಎಂದು ಅಧಿಕಾರಿಯೇ ಹೇಳಿದರು. ನಾನು ಚಪ್ಪಲಿ ಇಲ್ಲದೆ ರನ್‌ವೇಯುದ್ದಕ್ಕೆ ಓಡಿದ್ದೆ. ಅದು ನನಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ, ಕಾಲಿನ ರಕ್ತ ನೋಡಿ.

ಐದನೆಯ ದಿನ ನಿಮಗೆ ಎಚ್ಚರವಾಯಿತು. ನನ್ನ ಮುಖ ನೋಡಿ ಮೊದಲು ಕೇಳಿದ್ದು, "ಚೈತನ್ಯಾ ಹೇಗಿದ್ದಾಳೆ?" ಕಲಿಸುವವನು ಕಲಿಯುವವಳನ್ನು ಕೇಳುವುದು ಧರ್ಮ. ನಾನು "ಚೆನ್ನಾಗಿದ್ದಾಳೆ" ಎಂದು ಹೇಳಿ, ಹೊರಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತೆ. ನೀವು ಬದುಕಿದಿರಿ ಎಂದು ಅಳುತ್ತಿದ್ದೇನೆ ಎಂದು ಎಲ್ಲರೂ ಸಮಾಧಾನ ಮಾಡಿದರು. ಅರ್ಧ ಅದಕ್ಕೆ, ಅರ್ಧ ಇದಕ್ಕೆ.

ಇನ್ನು ಮಂಗಳವಾರದ್ದು. ನಾನು ಹೇಳುತ್ತೇನೆ. ಗಾಳಿಯನ್ನು ಉಲ್ಟಾ ಹೇಳಿದವಳು ನಾನು, ಚೈತನ್ಯಾ ಬರೆದುಕೊಟ್ಟದ್ದು ಸುಳ್ಳು, ನಮ್ಮ ಮೇಲಿನ ಗೌರವಕ್ಕೆ ಬರೆದದ್ದು ಎಂದು. ನಿಯಮ ಬಿಟ್ಟು ಮನೆಮಾತಿನಲ್ಲಿ ಗಾಳಿ ಕೇಳುವ ಅಭ್ಯಾಸ ನಿಮ್ಮದು ಎಂಬುದೂ ಅದರ ಜೊತೆ ಹೊರಗೆ ಬರುತ್ತದೆ. ನಿಮ್ಮ ಲೈಸೆನ್ಸಿಗೆ ಪೆಟ್ಟು ಬೀಳಬಹುದು. ನನ್ನನ್ನು ಬೈಯಬೇಕಾದರೆ ಬೈಯಿರಿ. ಅವಳ ಮೇಲಿನ ಪ್ರೀತಿಯಿಂದ ಹೇಳುವುದಲ್ಲ, ಆ ಹುಡುಗಿಯ ಮೇಲೆ ಇವತ್ತಿಗೂ ನನಗೆ ಪ್ರೀತಿ ಹುಟ್ಟಿಲ್ಲ. ಅವಳು ನನಗಾಗಿ ತನ್ನ ಆಕಾಶವನ್ನೇ ಬಿಟ್ಟುಕೊಟ್ಟಳು ಎಂಬ ಹಂಗಿನಲ್ಲಿ ನಾನು ಬದುಕಲಾರೆ. ಅವಳು ಹಾರಲಿ. ನಾನು ಕೆಳಗೆ ನಿಂತು ಹೊಟ್ಟೆ ಉರಿಸಿಕೊಳ್ಳುತ್ತೇನೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ. ಆಸ್ಪತ್ರೆಯ ಸಪ್ಪೆ ಗಂಜಿಗೆ ಉಪ್ಪು ಕೇಳಿ ಹಾಕಿಸಿಕೋ, ನಾಚಬೇಡ ಎಂದೂ ಹೇಳಿದ್ದಾರೆ. ನಿಮ್ಮ ಬೆನ್ನು ನೆಟ್ಟಗಾಗಲಿ, ತಲೆನೋವು ದೂರವಾಗಲಿ, ಮುಂದಿನ ತಿಂಗಳು ಕೋಲಿಲ್ಲದೆ ನಮ್ಮ ಮೆಟ್ಟಿಲು ಹತ್ತಿ ಬನ್ನಿ ಎಂದು ದೇವರಲ್ಲಿ ಬೇಡುತ್ತೇನೆ. ಬುಧವಾರ ನಾನು ಬರುತ್ತೇನೆ. ಬರಬೇಡ ಎನ್ನಬೇಕೆಂದಿದ್ದರೆ ಸಿಸ್ಟರ್ ಹತ್ತಿರ ಫೋನ್ ಮಾಡಿಸಿ, ನನಗೆ ಬೇಸರವಿಲ್ಲ.

ನಿಮ್ಮವಳೇ ಆದ
ಅಕ್ಷಿತಾ

ವಿ.ಸೂ.: ಕಾಗದ ಮಡಿಸಿ ಕವರಿಗೆ ಹಾಕಿದ್ದೆ. ಮತ್ತೆ ತೆಗೆದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಾನು ರಿಜಿಸ್ಟರ್ ಬರೆಯುತ್ತಿರಲಿಲ್ಲ, ಕಿಟಕಿಯಲ್ಲೇ ನಿಂತಿದ್ದೆ. ನೀವು ಪಡು ತುದಿಗೆ ಹೋಗಿ ವಿಮಾನವನ್ನು ಗುಡ್ಡದ ಕಡೆಗೆ ತಿರುಗಿಸುವುದನ್ನು ಪೂರ್ತಿ ನೋಡಿದೆ. ಆಗಲೇ ನನಗೆ ಗೊತ್ತಾಯಿತು. ವಾಕಿಟಾಕಿ ಕೈಯಲ್ಲಿತ್ತು. ಹೊರಡುವ ಮೊದಲು ನಿಮಗೂ ಏನೋ ಸಂಶಯ ಬಂದಿರಬೇಕು, ಒಮ್ಮೆ ಕರೆದಿರಿ, ನಮ್ಮ ತುಳುವಿನಲ್ಲೇ, ಜಗಳವೇ ಆಗಿಲ್ಲವೆಂಬ ಹಾಗೆ: "ಅಕ್ಷೀ, ಬೀಲ ಓಡೆ?" ಹಿಂದೆ ಅವಳ ನಗು ಕೇಳಿಸಿತು. ಅಪ್ಪ ಏನೋ ಹೇಳಿರಬೇಕು, ನನ್ನ ಬಗ್ಗೆ ನಕ್ಕದ್ದಲ್ಲ. ಗುರುವಾರ ಹೊರಡುವಾಗ ಅವಳು ಗೇಟಿನ ಹತ್ತಿರ ನಿಂತು ಕೇಳಿದಳು, "ಆ ವಾಕಿಟಾಕಿಯ ಬ್ಯಾಟರಿ ಹಳತು ಅಕ್ಕ, ಅಲ್ವಾ?" ಬ್ಯಾಟರಿ ಸರಿಯಿತ್ತು, ಶನಿವಾರ ಸಂಜೆ ಚಾರ್ಜಿಗೆ ಹಾಕಿದ್ದು ನಾನೇ. ಮಂಗಳವಾರ ಇದನ್ನೂ ಹೇಳುತ್ತೇನೆ. ನಾನು ಗುಂಡಿ ಒತ್ತಲಿಲ್ಲ ತರುಣ್. ಇನ್ನೊಮ್ಮೆ ಕೇಳಲಿ, ಇನ್ನೊಮ್ಮೆ ನನ್ನನ್ನು ಕರೆಯಲಿ ಎಂದು ಕಾದೆ. ಇನ್ನೊಮ್ಮೆ ಕರೆದಿದ್ದರೆ ಹೇಳಿಬಿಡುತ್ತಿದ್ದೆ. ನೀವು ಕರೆಯಲಿಲ್ಲ. ನಾನು ಮೊದಲು ಹೇಳಿದ್ದನ್ನೇ ನಂಬಿ ಹೊರಟುಬಿಟ್ಟಿರಿ.